ನೆಂಟರೆಲ್ಲ ಮುಗಿದ ಮೇಲೆ ಅರ್ಧ ನದಿ

ನಮ್ಮ ಚಿಕ್ಕಮ್ಮನ ಪಾಲಿಗೆ ನೀರೆಂದರೆ ಬಿಸಿನೀರು. ಅದರಲ್ಲಿ ಸೋಪಿನ ಪುಡಿ ಇರಬೇಕು, ಮೇಲೆ ನೊರೆ ಇರಬೇಕು, ಒಳಗೆ ಯಾರೋ ಗುರುತಿಲ್ಲದವರು ಮಲಗೆದ್ದ ಹಾಸಿಗೆಯ ಬಟ್ಟೆ ಇರಬೇಕು. ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳ ಕೆಲಸ. ಕಿಟಕಿಯಿಲ್ಲದ ಉದ್ದನೆಯ ಕೋಣೆ. ಒಂದು ಗೋಡೆಗೆ ದುಂಡು ಗಾಜಿನ ಬಾಗಿಲಿನ ಯಂತ್ರಗಳ ಸಾಲು, ಇನ್ನೊಂದು ಗೋಡೆಗೆ ಹಬೆಯುಗುಳುವ ಇಸ್ತ್ರಿ ಯಂತ್ರ, ನಡುವೆ ಗಾಲಿ ಹಚ್ಚಿದ ಬುಟ್ಟಿಗಳು. ಚಿಕ್ಕವಳಿದ್ದಾಗ ನಾನು ಅಮ್ಮನ ಜೊತೆ ಅಲ್ಲಿಗೆ ಹೋದರೆ ಯಂತ್ರದೊಳಗೆ ಬಟ್ಟೆ ಗಿರಗಿರ ಸುತ್ತುವುದನ್ನು ಟಿವಿ ನೋಡಿದ ಹಾಗೆ ಕೂತು ನೋಡುತ್ತಿದ್ದೆ.

ಅಲ್ಲಿ ಹಾಸಿಗೆಯ ಬಟ್ಟೆ ಮಡಚುವುದೇ ಒಂದು ಚೆಂದ. ಇಬ್ಬರು ಹೆಂಗಸರು ಎದುರುಬದುರು ನಿಂತು, ತಲಾ ಎರಡು ಮೂಲೆ ಹಿಡಿದು, ಒಮ್ಮೆ ಝಾಡಿಸಿ, ಹತ್ತಿರ ಬಂದು ಮೂಲೆಗೆ ಮೂಲೆ ಕೊಟ್ಟು ಮತ್ತೆ ಹಿಂದೆ ಸರಿಯುತ್ತಾರೆ. ಒಂದು ಮಾತಿಲ್ಲ. ಈ ಅಭ್ಯಾಸ ಚಿಕ್ಕಮ್ಮನ ಹಿಂದೆಯೇ ನಮ್ಮ ಮನೆಗೂ ಬಂದಿದೆ. ಹಗ್ಗದಿಂದ ಬಟ್ಟೆ ತೆಗೆದವಳೇ ಎರಡು ಮೂಲೆ ಹಿಡಿದು, ಮಿಕ್ಕ ಎರಡನ್ನು ಎದುರಿಗಿದ್ದವರ ಕಡೆ ಚಾಚಿ ನಿಂತುಬಿಡುತ್ತಾಳೆ. ನನ್ನ ಮದುವೆಯಾದ ಹೊಸದರಲ್ಲಿ ನಮ್ಮ ಯಜಮಾನರ ಕಡೆ ಹಾಗೆ ಚಾಚಿದಾಗ, ಏನು ಮಾಡಬೇಕೆಂದು ತಿಳಿಯದೆ ಇವರು ಅವಳ ಕೈ ಕುಲುಕಿದ್ದರು.

ಚಿಕ್ಕಮ್ಮ ಮದುವೆಯಾಗಲಿಲ್ಲ. ಯಾಕೆ ಎಂದು ಯಾರಾದರೂ ಕೆದಕಿದರೆ ಅವಳ ಉತ್ತರ ಸಿದ್ಧವಾಗಿಯೇ ಇರುತ್ತದೆ. "ಊರವರ ಹಾಸಿಗೆಗಳನ್ನೆಲ್ಲ ನೋಡಿದೋಳು ನಾನು. ಮದುವೇಲಿ ಇನ್ನೇನು ಹೊಸದು ಇರುತ್ತೆ?" ಕೆದಕಿದವರು ಆಮೇಲೆ ಬೇರೆ ಮಾತು ಎತ್ತುತ್ತಾರೆ.

ಇಂಥವಳಿಗೆ ಈಜಿನ ಹುಚ್ಚು ಹತ್ತಿದ್ದು ನಡುವಯಸ್ಸು ದಾಟಿದ ಮೇಲೆ. ಆ ಹೋಟೆಲಿನ ಮೇಲ್ಮಹಡಿಯಲ್ಲಿ ಅತಿಥಿಗಳಿಗೆಂದು ಪುಟ್ಟದೊಂದು ಈಜುಕೊಳವಿದೆ. ಯಾವತ್ತೋ ಟವೆಲು ತಲುಪಿಸಲು ಮೇಲೆ ಹೋದವಳು, "ಇಷ್ಟೊಂದು ನೀರು! ಒಂದೂ ಬಟ್ಟೆ ಇಲ್ಲ!" ಎಂದು ಬೆರಗಾಗಿ ನಿಂತುಬಿಟ್ಟಳಂತೆ. ಕೊಳ ನೋಡಿಕೊಳ್ಳುವ ಹೆಂಗಸಿಗೆ ನಗು ತಡೆಯಲಾಗಲಿಲ್ಲ. ವಾರಕ್ಕೊಮ್ಮೆ ಅತಿಥಿಗಳಿಗೆ ಕೊಳ ಮುಚ್ಚಿರುವ ಬೆಳಗ್ಗೆ ಕೆಲಸದವರು ಇಳಿಯಬಹುದಿತ್ತು. ಇಳಿಯುವವರೇ ಇರಲಿಲ್ಲ. ನಮ್ಮ ಚಿಕ್ಕಮ್ಮ ಇಳಿದಳು. ನೀರು ಕುಡಿದಳು, ಕೆಮ್ಮಿದಳು, ಬೈದಳು, ಮುಂದಿನ ವಾರ ಮತ್ತೆ ಇಳಿದಳು. ನೋಡನೋಡುತ್ತ ಕೈಕಾಲು ಬಡಿಯುವುದು ಹೋಗಿ ಈಜು ಬಂತು.

ಆದರೆ ಕೊಳದ ನೀರಿಗೆ ಹಾಕುವ ಮದ್ದಿನಿಂದ ಅವಳಿಗೆ ಕಣ್ಣುರಿ. ಕನ್ನಡಕ ತೆಗೆದರೆ ಹೇಗೂ ಏನೂ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಕಣ್ಣು ಮುಚ್ಚಿಯೇ ಈಜುತ್ತಾಳೆ. ಗೋಡೆಗೆ ತಲೆ ಬಡಿಯಬಾರದಲ್ಲ, ಅದಕ್ಕೆ "ಕೈ ಎಣಿಸ್ತಾ ಹೋಗಿ, ಗೋಡೆ ಯಾವಾಗ ಬರುತ್ತೆ ಅಂತ ತಾನಾಗೇ ಗೊತ್ತಾಗುತ್ತೆ" ಎಂದು ಆ ಹೆಂಗಸು ಹೇಳಿಕೊಟ್ಟಳು.

"ಕೆಳಗೆ ದಿನವಿಡೀ ದಿಂಬಿನ ಚೀಲ ಎಣಿಸ್ತೀನಿ. ಇಲ್ಲಿ ಬಂದೂ ಎಣಿಸ್ಬೇಕಾ?" ಎಂದಳು ಚಿಕ್ಕಮ್ಮ.

ಎಣಿಸುವ ಬದಲು ನೆಂಟರನ್ನು ನೆನೆಯತೊಡಗಿದಳು. ಒಂದು ಕೈಗೆ ಒಬ್ಬರು. ಅಪ್ಪ, ಅಮ್ಮ, ದೊಡ್ಡಣ್ಣ, ಅತ್ತಿಗೆ, ಅಕ್ಕ, ಭಾವ, ತಮ್ಮ, ತಮ್ಮನ ಹೆಂಡತಿ, ಆಮೇಲೆ ವಯಸ್ಸಿನ ಪ್ರಕಾರ ಮಕ್ಕಳು. ತೀರಿಕೊಂಡವರಿಗೂ ಅವರವರ ಜಾಗವಿತ್ತು. ಅತ್ತಿಗೆಯ ಜೊತೆ ಮಾತು ಬಿಟ್ಟಿದ್ದಾಗ ಸಿಟ್ಟಿನಲ್ಲಿ ಅವಳನ್ನು ಕೈಬಿಟ್ಟು ಹೋಗಿ, ನೆಂಟರು ಮುಗಿದರೂ ಗೋಡೆ ಸಿಗದೆ ತಡಕಾಡಿ ಮೂಗಿನ ತುಂಬ ನೀರು ತುಂಬಿಸಿಕೊಂಡಳಂತೆ. ಅವತ್ತಿನಿಂದ ನೆಲದ ಮೇಲೆ ಯಾರ ಹತ್ತಿರ ಎಷ್ಟೇ ಜಗಳವಾಗಲಿ, ನೀರಿನಲ್ಲಿ ಯಾರನ್ನೂ ಬಿಡುವುದಿಲ್ಲ.

ಹೀಗಿದ್ದೂ ಕೊನೆಯ ಒಂದು ಕೈ ಖಾಲಿ ಉಳಿಯುತ್ತಿತ್ತು. ನನ್ನ ಮಗಳು ಗುಬ್ಬಿ ಹುಟ್ಟಿದಳು ನೋಡಿ, ಸಂಸಾರಕ್ಕೂ ಕೊಳಕ್ಕೂ ಅಳತೆ ಸರಿಹೋಯಿತು. ಗುಬ್ಬಿ ಎನ್ನುತ್ತಲೇ ಗೋಡೆ. ಬಾಣಂತಿಯನ್ನು ನೋಡಲು ಬಂದವಳು ಮಗುವಿನ ಪುಟ್ಟ ಅಂಗೈ ಬಿಡಿಸಿ ನೋಡಿ, "ಇದಕ್ಕೆ ಈಜು ನಾನೇ ಕಲಿಸೋದು" ಎಂದಿದ್ದಳು.

ನಾನು ಬೇಡವೆಂದೆ. ಗುಬ್ಬಿ ನಡೆಯುವಾಗ ಬೇಡವೆಂದೆ, ಶಾಲೆಗೆ ಸೇರಿದಾಗಲೂ ಬೇಡವೆಂದೆ. ನನಗೆ ಈಜು ಬಾರದು, ಔಷಧದಂಗಡಿಯಲ್ಲಿ ನಿಂತೇ ದಿನ ಕಳೆಯುವ ಇವರಿಗೂ ಬಾರದು. ಮಗು ಮುಳುಗಿದರೆ ದಡದಲ್ಲಿ ನಿಂತು ಕೂಗಿಕೊಳ್ಳುವುದು ಬಿಟ್ಟು ನಮ್ಮಿಬ್ಬರಿಂದ ಇನ್ನೇನೂ ಆಗದು. ಕಣ್ಣು ಮುಚ್ಚಿ ಈಜುವವಳ ಕೈಗೆ ಮಗು ಕೊಡುವುದಾದರೂ ಹೇಗೆ?

ಈ ವರ್ಷ ಚಿಕ್ಕಮ್ಮನಿಗೆ ಕೆಲಸದಿಂದ ನಿವೃತ್ತಿ. ಕೆಲಸ ಹೋದರೆ ಕೊಳವೂ ಹೋದ ಹಾಗೆ. ಹೋದ ತಿಂಗಳು ನಮ್ಮ ಮನೆಗೆ ಬಂದವಳು ನಾನು ಮಡಚಿಟ್ಟಿದ್ದ ಬಟ್ಟೆಯನ್ನೆಲ್ಲ ಬಿಡಿಸಿ ಮತ್ತೆ ಮಡಚುತ್ತ, ನನ್ನ ಮುಖ ನೋಡದೆ ಅಂದಳು: "ನನ್ನದು ಅಂತ ಇರೋದು ಇದೊಂದೇ ವಿದ್ಯೆ ಕಣೆ. ಅದೂ ನನ್ನ ಜೊತೆಗೇ ಹೋಗ್ಬೇಕಾ?"

"ಚಿಕ್ಕಮ್ಮ, ನಿನಗೆ ಬರೋದು ಗೋಡೆಯಿಂದ ಗೋಡೆಗೆ ಹೋಗೋದು. ಗೋಡೆ ಇಲ್ಲದ ನೀರಲ್ಲಿ ಈ ದಡದಿಂದ ಆ ದಡಕ್ಕೆ ಒಂದು ಸಲ ಹೋಗಿ ತೋರಿಸು. ಆಮೇಲೆ ಮಗು ನಿನ್ನದು."

ಹಾಗೆ ಹೇಳಿದರೆ ಸುಮ್ಮನಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಲಂಗ ಕೆಳಗಿಟ್ಟು, "ಯಾವ ನದಿ?" ಎಂದಳು.

ನದಿ ಹುಡುಕಿದ್ದು ಇವರು. ಔಷಧದಂಗಡಿಗೆ ಬರುವ ವ್ಯಾನ್ ಡ್ರೈವರೊಬ್ಬ ಪ್ರವಾಸಿಗರನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಾನಂತೆ. ಕನ್ನಡಿಯಂಥ ನೀರು, ಕಾವಲಿಗೆ ಜನ, ಬಟ್ಟೆ ಬದಲಿಸಲು ಕೋಣೆ, ಎಲ್ಲ ಇದೆಯಂತೆ. ಇವತ್ತು ಬೆಳಗ್ಗೆ ಹೊರಟೇ ಬಿಟ್ಟೆವು! ಒಣ ಬಟ್ಟೆ ಎರಡೆರಡು ಜೊತೆ, ಬ್ರೆಡ್ಡು, ಬಾಳೆಹಣ್ಣು, ಗಾಯಕ್ಕೆ ಹಚ್ಚುವ ಮುಲಾಮು, ವಾಂತಿಗೆ ಪ್ಲಾಸ್ಟಿಕ್ ಚೀಲ ಎಲ್ಲ ನಾನು ತುಂಬಿದೆ. ಟವೆಲು ಮಾತ್ರ ಚಿಕ್ಕಮ್ಮ ಮುಟ್ಟಲು ಬಿಡಲಿಲ್ಲ. ಅವಳು ಮಡಚಿ ತಂದಿದ್ದ ಟವೆಲುಗಳು ಇಟ್ಟಿಗೆಯ ಹಾಗೆ ಕೂತಿದ್ದವು. ವ್ಯಾನಿನಲ್ಲಿ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಅವಳ ತುಟಿ ಅಲುಗುತ್ತಿತ್ತು. ಗುಬ್ಬಿ ನನ್ನ ಕಿವಿಯಲ್ಲಿ, "ಅಮ್ಮ, ಚಿಕ್ಕಜ್ಜಿ ಪಾಠ ಒಪ್ಪಿಸ್ತಿದಾಳಾ?" ಎಂದಳು. ನೆಂಟರನ್ನು ಒಪ್ಪಿಸುತ್ತಿದ್ದಳು.

ವ್ಯಾನ್ ಇಳಿದು, ಮರಗಳ ನಡುವೆ ಕಲ್ಲಿನ ಮೆಟ್ಟಿಲು ಇಳಿದು, ಕೊನೆಯ ತಿರುವಿಗೆ ಬಂದಾಗ ನಾವೆಲ್ಲ ಒಟ್ಟಿಗೇ ನಿಂತುಬಿಟ್ಟೆವು. ಅದನ್ನು ಹೇಗೆ ಬರೆಯಲಿ? ದಡಕ್ಕೆ ಕಟ್ಟಿದ್ದ ದೋಣಿ ನೀರಿನ ಮೇಲಿರಲಿಲ್ಲ, ಗಾಳಿಯಲ್ಲಿತ್ತು! ಅದರ ನೆರಳು ಅದಕ್ಕೆ ಅಂಟಿಕೊಳ್ಳದೆ ಎಷ್ಟೋ ಕೆಳಗೆ ಬೆಣಚುಕಲ್ಲುಗಳ ಮೇಲೆ ಬೇರೆಯಾಗಿ ಬಿದ್ದಿತ್ತು. ಒಂದೊಂದು ಕಲ್ಲೂ ಕಾಣುತ್ತಿತ್ತು: ಬಿಳಿಯದು, ಬೂದುಬಣ್ಣದ್ದು, ಮೊಟ್ಟೆಯಂಥದು, ಯಾರೋ ಕಚ್ಚಿಟ್ಟ ಹಾಗಿದ್ದದ್ದು. ಮೀನಿನ ಮರಿಗಳ ಹಿಂಡೊಂದು ತನ್ನ ನೆರಳಿನ ಹಿಂಡನ್ನು ಕೆಳಗೆ ಎಳೆದುಕೊಂಡು ಹೋಯಿತು.

"ನೀರೆಲ್ಲಮ್ಮ?" ಎಂದಳು ಗುಬ್ಬಿ.

"ಅಬ್ಬಾ, ಇದಕ್ಕೆ ಯಾವ ಸೋಪು ಹಾಕ್ತಾರೋ!" ಎಂದಳು ಚಿಕ್ಕಮ್ಮ.

ನಾನು ಚಪ್ಪಲಿ ಬಿಟ್ಟು ಕಾಲಿಟ್ಟೆ. ಪಾದದಿಂದ ಹೊರಟ ಚಳಿ ನೆತ್ತಿಗೆ ಹೊಡೆಯಿತು. ಕಿರುಚಿಬಿಟ್ಟೆ, ನಾಚಿಕೆಯೂ ಆಗಲಿಲ್ಲ. ಗುಬ್ಬಿ ಅಂಚಿನ ಮೊಣಕಾಲುದ್ದದ ನೀರಿನಲ್ಲಿ ಕುಪ್ಪಳಿಸಿ ಎಲ್ಲರ ಬಟ್ಟೆ ಒದ್ದೆ ಮಾಡಿದಳು. ಇವರು ಬಾಡಿಗೆಯ ತೇಲುವ ಜಾಕೆಟ್ಟನ್ನು ವ್ಯಾನಿನ ಹತ್ತಿರವೇ ಹಾಕಿಕೊಂಡು ಬಿಗಿದಿದ್ದರು. ಮೆಟ್ಟಿಲಿಳಿಯುವಾಗ ಒಬ್ಬ ಅಜ್ಜಿ ಅವರನ್ನು ನೋಡಿ, "ಮೇಲೂ ಅಷ್ಟು ಆಳ ಇದೆಯೇನಪ್ಪಾ?" ಎಂದಿದ್ದಳು.

ಕಾವಲಿನವನು ಕೊರಳಲ್ಲಿ ಸೀಟಿ ತೂಗುಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದ. ನದಿ ದಾಟುತ್ತೇನೆ ಎಂದು ಚಿಕ್ಕಮ್ಮ ಹೇಳಿದಾಗ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಅವಳು ಹೋಟೆಲಿನ ಕೊಳದಲ್ಲಿ ಹಾಕಿಕೊಳ್ಳುವ ಕಪ್ಪು ಉದ್ದ ತೋಳಿನ ಈಜುಡುಗೆ ತೊಟ್ಟು, ಕೂದಲ ಮೇಲೆ ರಬ್ಬರ್ ಟೋಪಿ ಎಳೆದುಕೊಂಡಿದ್ದಳು. ಕಿವಿ ಎರಡೂ ಅದರೊಳಗೆ.

"ದಾಟೋದಾದ್ರೆ ಪಕ್ಕದಲ್ಲಿ ನನ್ನ ದೋಣಿ ಬರುತ್ತೆ, ತಾಯಿ. ಸೊಂಟಕ್ಕೆ ಈ ಗಾಳಿ ಚೀಲ ಕಟ್ಕೋಬೇಕು. ನಡುವೆ ಒಂದು ದೊಡ್ಡ ಬಂಡೆ ಇದೆ, ನೀರೊಳಗೇ ಇದೆ, ಕಾಲಿಡಬೇಡಿ, ಜಾರುತ್ತೆ."

"ಏನಂದ್ರಿ?" ಎಂದಳು ಚಿಕ್ಕಮ್ಮ ಟೋಪಿಯೊಳಗಿನಿಂದ. ಆಮೇಲೆ ತಾನೇ, "ಸರಿ ಸರಿ" ಎಂದಳು. ಚೀಲ ಕಟ್ಟಿಸಿಕೊಂಡು, ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟಳು. ಎದುರು ದಡ ಎಲ್ಲಿದೆ ಎಂದು ಒಮ್ಮೆ ಸರಿಯಾಗಿ ನೋಡಿಯೂ ಇರಲಿಲ್ಲ. ಇಳಿದಳು, ಚಳಿಗೆ ಒಂದು ಉದ್ಗಾರ ತೆಗೆದಳು, ಕಣ್ಣು ಮುಚ್ಚಿದಳು, ಹೊರಟಳು.

ಅವಳು ಈಜುವುದನ್ನು ನಾನು ನೋಡಿದ್ದು ಅದೇ ಮೊದಲು. ಎಷ್ಟು ಚೆನ್ನಾಗಿ ಈಜುತ್ತಿದ್ದಳು! ಕೈ ನೀರಿನಿಂದ ಮೇಲೆದ್ದು, ಮುಂದೆ ಚಾಚಿ, ಸದ್ದಿಲ್ಲದೆ ಒಳಗೆ ಹೋಗುತ್ತಿತ್ತು. ಕೆಳಗೆ ಬೆಣಚುಕಲ್ಲಿನ ಮೇಲೆ ಅವಳ ನೆರಳೂ ಅವಳಷ್ಟೇ ನೇರವಾಗಿ ಈಜುತ್ತ ಹೋಯಿತು. ಗುಬ್ಬಿ ನನ್ನ ಕೈ ಜಗ್ಗಿ, "ನಾನು ಬಂದೆನಾ? ನಾನು ಬಂದೆನಾ?" ಎನ್ನುತ್ತಿದ್ದಳು, ತನ್ನ ಹೆಸರು ಕೊನೆಗೆ ಬರುತ್ತದೆಂದು ಅವಳಿಗೂ ಗೊತ್ತು.

ನದಿಯ ನಡುಮಧ್ಯೆ ಚಿಕ್ಕಮ್ಮನ ಕೈ ಆ ಬಂಡೆಗೆ ತಾಗಿತು. ತಾಗಿದ್ದೇ ತಡ, ಮೈ ಗುಂಡಗೆ ಮಡಚಿ, ಬಂಡೆಗೆ ಎರಡೂ ಕಾಲು ಕೊಟ್ಟು ಒದ್ದು, ಬಾಣದಂತೆ ನಮ್ಮ ಕಡೆಗೇ ವಾಪಸು ಹೊರಟಳು.

ದೋಣಿಯಲ್ಲಿದ್ದ ಕಾವಲಿನವನು ಎದ್ದು ನಿಂತ. "ಈ ಕಡೆ ಅಲ್ಲ ತಾಯೀ! ಆ ಕಡೆ!" ಎಂದು ಕೂಗಿದ. ಸೀಟಿ ಊದಿದ. ಮತ್ತೆ ಊದಿದ. ದಡದಲ್ಲಿದ್ದ ಪ್ರವಾಸಿಗರೆಲ್ಲ ತಿರುಗಿ ನೋಡಿದರು. ಚಿಕ್ಕಮ್ಮ ಕೈಯಾದ ಮೇಲೆ ಕೈ ಹಾಕುತ್ತ ಬಂದು, ನನ್ನ ಕಾಲ ಹತ್ತಿರದ ಕಲ್ಲು ಮುಟ್ಟಿ, ಎದ್ದು ನಿಂತು, ಮುಖದ ನೀರು ಒರೆಸಿಕೊಂಡಳು. ಆ ಮುಖದ ಹಿಗ್ಗನ್ನು ನಾನು ಹೇಳಲಾರೆ.

"ಮುಟ್ಟಿ ಬಂದೆ!" ಎಂದಳು. "ನೋಡಿದ್ಯೇನೆ? ದಾಟು ಅಂದ್ರೆ ದಾಟಿ ವಾಪಸ್ಸೂ ಬಂದೆ. ಸರಿಯಾಗಿ ಗುಬ್ಬಿ ಅನ್ನೋ ಹೊತ್ತಿಗೆ ಆ ದಡ ಸಿಕ್ತು. ಇಷ್ಟೇನಾ ನದಿ ಅಂದ್ರೆ? ಸೀಟಿ ಬೇರೆ ಹೊಡೆದ್ರು ನನಗೆ!"

ಇವರು ಜಾಕೆಟ್ಟಿನ ಪಟ್ಟಿ ನೋಡಿಕೊಳ್ಳತೊಡಗಿದರು. ಗುಬ್ಬಿಯೇ ಹೇಳಿದಳು: "ಚಿಕ್ಕಜ್ಜಿ, ನೀನು ನಡುವಿನ ಕಲ್ಲು ಮುಟ್ಟಿ ಬಂದೆ."

"ಹೋಗೇ! ನನಗೆ ಗೊತ್ತಾಗಲ್ವಾ?"

ದೋಣಿ ದಡಕ್ಕೆ ತಾಗಿತು. "ತಾಯೀ, ಅದು ಶಭಾಷ್ ಸೀಟಿ ಅಲ್ಲ. ಎಲ್ಲಿಗೆ ತಿರುಗ್ತಿದೀರಾ ಅನ್ನೋ ಸೀಟಿ" ಎಂದ ಕಾವಲಿನವನು.

ನಾನು ಕನ್ನಡಕ ಕೊಟ್ಟೆ. ಅವಳು ಒದ್ದೆ ಕೈಯಲ್ಲೇ ಹಾಕಿಕೊಂಡು ನದಿ ನೋಡಿದಳು. ನಡುವೆ ತಿಳಿಹಸಿರಾಗಿ ಮಲಗಿದ್ದ ಬಂಡೆ ನೋಡಿದಳು, ಅದರಾಚೆ ಅಷ್ಟೇ ಅಗಲ ಉಳಿದಿದ್ದ ನೀರು ನೋಡಿದಳು. ಹಿಗ್ಗು ಇಳಿಯುತ್ತ ಇಳಿಯುತ್ತ ಹೋಗಿ ಮುಖದಲ್ಲಿ ಕನ್ನಡಕ ಮಾತ್ರ ಉಳಿಯಿತು. ಪಕ್ಕದಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಸಾಕು ಚಿಕ್ಕಮ್ಮ" ಎಂದೆ. "ಹೋಗಿ ಬಂದಿದ್ದು ಎರಡೂ ಸೇರಿಸಿದ್ರೆ ಒಂದು ನದಿ ಆಯ್ತಲ್ಲ. ಒಪ್ಪಿದೆ. ನೀನೇ ಕಲಿಸು."

"ಕನಿಕರಕ್ಕೆ ಕೊಡ್ತಿದೀಯ." ಅವಳು ನನ್ನ ಕಡೆ ತಿರುಗಲಿಲ್ಲ. "ಅರ್ಧ ಒಣಗಿದ ಬಟ್ಟೇನ ಮಡಚಿ ಕಪಾಟಿಗೆ ಇಟ್ಟೋಳಲ್ಲ ನಾನು. ನಾಳೆ ಕಲಿಸುವಾಗ ಆಳ ಬಂದ್ರೆ ನೀನು ದಡದಲ್ಲಿ ಏನು ಅಂದ್ಕೊತೀಯ? 'ಇವಳು ದಾಟಿರಲಿಲ್ಲ' ಅಂದ್ಕೊತೀಯ. ನಾನೂ ಅದೇ ಅಂದ್ಕೊತೀನಿ. ಹಾಗೆ ಅಂದ್ಕೊಂಡು ಮಗೂನ ಹಿಡಿಯೋಕಾಗಲ್ಲ."

ಅದು ನಿಜವೇ ಆಗಿತ್ತು.

"ಈಗಿನ ತೊಂದರೆ ಬೇರೆ" ಎಂದಳು, ಟವೆಲಿನಿಂದ ಮೂಗೊರೆಸುತ್ತ. "ಜನ ಸಾಲ್ತಿಲ್ಲ. ಇರೋರೆಲ್ಲ ಆ ಕಲ್ಲಿಗೇ ಮುಗಿದ್ರು."

"ಅವರನ್ನೇ ಇನ್ನೊಂದು ಸಲ ಹೇಳ್ಕೊಂಡು ಹೋಗು."

"ಆಗಲ್ಲ ಕಣೆ. ಗುಬ್ಬಿ ಆದ್ಮೇಲೆ ಮತ್ತೆ ಅಪ್ಪ ಅಂದ್ರೆ ಮೈ ತಾನಾಗೇ ತಿರುಗುತ್ತೆ. ಇಷ್ಟು ವರ್ಷದ ಅಭ್ಯಾಸ. ಅಪ್ಪ ಅಂದ್ರೆ ವಾಪಸ್ ಹೊರಡೋದು ಅಂತ ಕಾಲಿಗೆ ಗೊತ್ತು. ಹೊಸಬರೇ ಬೇಕು."

ಇವರು ಇಷ್ಟು ಹೊತ್ತು ಏನೋ ಯೋಚಿಸುತ್ತಿದ್ದರು. "ಅತ್ತೆ, ಒಂದು ಮಾತು ಕೇಳ್ಲಾ? ಅದರಲ್ಲಿ ನಾನಿದೀನಾ?"

ಚಿಕ್ಕಮ್ಮ ಗಲಿಬಿಲಿಗೊಂಡದ್ದನ್ನು ನಾನು ಎಂದೂ ಕಂಡಿಲ್ಲ, ಇವತ್ತು ಕಂಡೆ. "ನೀವು... ನೀವು ಉಸಿರು ತಗೊಳ್ಳೋ ಕಡೆ ಬರ್ತೀರಿ ಅಳಿಯಂದ್ರೇ."

"ಅಂದ್ರೆ ನನಗೆ ಕೈ ಇಲ್ಲ!"

"ಉಸಿರಿಗಿಂತ ಕೈ ದೊಡ್ಡದಾ?"

ಕಾವಲಿನವನು ಬಿದ್ದು ಬಿದ್ದು ನಕ್ಕ. ಇವರೂ ನಕ್ಕರು, ಆದರೆ ಬಿಡಲಿಲ್ಲ. "ಹಾಗಾದ್ರೆ ನಮ್ಮ ಕಡೆಯವರೆಲ್ಲ ಖಾಲಿ ಕೂತಿದಾರೆ, ಅತ್ತೆ. ನಮ್ಮಪ್ಪ, ನಮ್ಮಮ್ಮ, ಮೂರು ಜನ ಸೋದರತ್ತೆಯರು, ಅವರ ಮನೆಯೋರು, ಮಕ್ಕಳು. ಒಂದು ನದಿಗೆ ಬೇಕಾದಷ್ಟಾಗ್ತಾರೆ. ತಗೊಳ್ಳಿ."

"ನಿಮ್ಮವರನ್ನಾ? ನಿಮ್ಮವರು ಯಾವತ್ತು ಹೇಳಿದ ಹೊತ್ತಿಗೆ ಬಂದಿದಾರೆ? ಅವರಿಗಾಗಿ ನಾನು ನೀರಲ್ಲಿ ಕಾಯ್ತಾ ಕೂರೋಕಾಗುತ್ತಾ?"

"ನಾನು ದೋಣೀಲಿ ಕೂತು ಒಬ್ಬೊಬ್ಬರನ್ನೇ ಕರೀತೀನಿ. ತಡ ಮಾಡಿದ್ರೆ ನನ್ನ ಕೇಳಿ."

ಇವರು ದೋಣಿ ಹತ್ತುವುದೆಂದರೆ ಸಣ್ಣ ಮಾತಲ್ಲ. ಸ್ನಾನದ ಮನೆಯ ನೆಲ ಒದ್ದೆಯಿದ್ದರೆ ಗೋಡೆ ಹಿಡಿದು ನಡೆಯುವ ಮನುಷ್ಯ. ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು ಕೂತರು, ಕೆಳಗೆ ಮಾತ್ರ ನೋಡಲಿಲ್ಲ. ಚಿಕ್ಕಮ್ಮ ಕಿವಿ ಹೊರಗೆ ಬರುವ ಹಾಗೆ ಟೋಪಿ ಮೇಲೆ ಸರಿಸಿದಳು. ಈ ಸಲ ಇಳಿಯುವ ಮೊದಲು ಕನ್ನಡಕದಲ್ಲೇ ಎದುರು ದಡವನ್ನು ಚೆನ್ನಾಗಿ ನೋಡಿಕೊಂಡಳು: ಅಲ್ಲೊಂದು ಬಾಗಿದ ಮರ, ಅದರ ಬುಡದಲ್ಲಿ ಚಪ್ಪಟೆ ಕಲ್ಲುಗಳು. ಆಮೇಲೆ ಹೊರಟಳು.

ಬಂಡೆಯವರೆಗೆ ನಮ್ಮ ಸಂಸಾರ ಕರೆದುಕೊಂಡು ಹೋಯಿತು. ಕೈ ಬಂಡೆಗೆ ತಾಗಿತು. ಮೈ ಮಡಚಿಕೊಳ್ಳಲು ಹೊರಟಿದ್ದು ನನಗೆ ದಡದಿಂದಲೇ ಕಂಡಿತು. ಬೆನ್ನು ಬಾಗಿತು, ಮೊಣಕಾಲು ಮೇಲೆ ಬಂತು. ಆದರೆ ಅವಳು ತಿರುಗಲಿಲ್ಲ. ಬಂಡೆಯನ್ನು ಬಳಸಿ ಆಚೆ ಹೋದಳು, ಅಲ್ಲೇ ನಿಂತುಬಿಟ್ಟಳು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ, ಕೈಕಾಲು ಮಾತ್ರ ಆಡುತ್ತಿದ್ದವು. ಆಮೇಲೆ ಹೇಳಿದಳು: ಅಲ್ಲಿ ಮೊದಲ ಸಲ ನೀರೊಳಗೆ ಕಣ್ಣು ಬಿಟ್ಟಳಂತೆ. ಉರಿಯಲಿಲ್ಲವಂತೆ. ಬಂಡೆ ಮುಗಿದಲ್ಲಿ ನೆಲ ಥಟ್ಟನೆ ಕೆಳಗೆ ಹೋಗಿ, ಕಲ್ಲುಗಳು ಮಸುಕಾಗಿ, ಎಲ್ಲೋ ಆಳದಲ್ಲಿ ಹಸಿರಾಗಿ ಕಂಡವಂತೆ. "ಕಾಣದಿದ್ರೆ ಚೆನ್ನಾಗಿತ್ತು. ಮಹಡಿ ಮೇಲಿಂದ ಬಗ್ಗಿ ನೋಡಿದ ಹಾಗಾಯ್ತು" ಎಂದಳು.

ನನಗೆ ಆಗ ಇದೇನೂ ಗೊತ್ತಿರಲಿಲ್ಲ. ಅವಳ ಕಪ್ಪು ಟೋಪಿ ಒಂದೇ ಕಡೆ ಏಳುತ್ತ ಮುಳುಗುತ್ತ ಇದ್ದದ್ದು ಮಾತ್ರ ಗೊತ್ತಿತ್ತು. ಗುಬ್ಬಿಯ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೋ, ಅವಳು "ಅಮ್ಮಾ, ನೋಯುತ್ತೆ" ಎಂದಳು.

ಆಗ ದೋಣಿಯಿಂದ ಇವರ ದನಿ ಕೇಳಿತು. ಅಂಗಡಿಯಲ್ಲಿ ಸಾಲಿನಲ್ಲಿ ನಿಂತವರನ್ನು ಕರೆಯುವ ದನಿಯೇ, ಅದಕ್ಕಿಂತ ದೊಡ್ಡದಾಗಿ: "ನಮ್ಮಪ್ಪ!"

ಒಂದು ಕೈ ನೀರಿನಿಂದ ಮೇಲೆದ್ದಿತು.

"ನಮ್ಮಮ್ಮ!"

ಇನ್ನೊಂದು ಕೈ.

"ದೊಡ್ಡ ಸೋದರತ್ತೆ! ಅವರ ಮನೆಯೋರು! ಅವರ ಮಗ, ಆ ದಪ್ಪನೆಯವನು!"

ಹೊರಟಳು! ಈ ಸಲ ಮುಖ ನೀರೊಳಗೆ ಇಡದೆ, ತಲೆ ಎತ್ತಿಕೊಂಡು, ಒಬ್ಬೊಬ್ಬ ನೆಂಟನಿಗೂ ಒಂದೊಂದು ಕೈ ಹಾಕುತ್ತ ಹೊರಟಳು. ಕಾವಲಿನವನು ಪಕ್ಕದಲ್ಲೇ ಹುಟ್ಟು ಹಾಕುತ್ತಿದ್ದ. ಎರಡನೇ ಸೋದರತ್ತೆ ಬಂದರು, ಮೂರನೆಯವರು ಬಂದರು, ಅವರ ಅವಳಿ ಮಕ್ಕಳು ಬಂದಾಗ ಚಿಕ್ಕಮ್ಮ ಎರಡು ಕೈ ಬೇಗ ಬೇಗ ಹಾಕಿದಳು. ಆಮೇಲೆ ಇವರು ತಡವರಿಸಿದರು.

"ಆಮೇಲೆ... ಅವನು... ಅಯ್ಯೋ, ಆ ಲಾರಿ ಇಟ್ಕೊಂಡಿದಾನಲ್ಲ..."

"ಬೇಗ ಹೇಳ್ರೀ!" ನೀರಿನಿಂದ ಚಿಕ್ಕಮ್ಮನ ಕೂಗು. "ನಾನಿಲ್ಲಿ ಮುಳುಗ್ತಾ ಇದೀನಿ, ನಿಮಗೆ ನಿಮ್ಮೋರೇ ನೆನಪಿಲ್ಲ!"

"ಚಿಕ್ಕಪ್ಪ! ನಮ್ಮ ಚಿಕ್ಕಪ್ಪ!"

ಚಿಕ್ಕಪ್ಪನಿಗೆ ಇವರ ಕಡೆಯವರು ಮುಗಿದರು. ದಡ ಇನ್ನೂ ಸ್ವಲ್ಪ ದೂರವಿತ್ತು. ಕಾವಲಿನವನು ಹುಟ್ಟು ಬಿಡದೆಯೇ, "ನನ್ನ ಹೆಂಡತಿ!" ಎಂದು ಕೂಗಿದ. "ನನ್ನ ಭಾವಮೈದ! ನನ್ನ ಮಾವ, ಕಿವಿ ಕೇಳಲ್ಲ, ಆದ್ರೂ ಇರ್ಲಿ!" ನಮ್ಮ ಪಕ್ಕದಲ್ಲಿ, ಆಗ ಕಿಸಕ್ಕನೆ ನಕ್ಕಿದ್ದವರೇ ಇರಬೇಕು, ಕೈಯೆರಡನ್ನೂ ಬಾಯಿಗಿಟ್ಟು ತಮ್ಮ ಅತ್ತಿಗೆಯನ್ನು ಕಳಿಸಿದರು. ಗುಬ್ಬಿ ತನ್ನ ಟೀಚರನ್ನು, ಶಾಲೆಯ ಬಸ್ಸಿನ ಆಯಾಳನ್ನು ಕಳಿಸಿದಳು. ದಡದ ತುಂಬ ಜನ, ಗುರುತು ಪರಿಚಯವಿಲ್ಲದವರು, ತಮ್ಮ ತಮ್ಮ ಅಣ್ಣ ತಮ್ಮ ಅತ್ತೆ ಮಾವಂದಿರನ್ನೆಲ್ಲ ನದಿಗೆ ಎಸೆಯುತ್ತಿದ್ದರು. ಅಷ್ಟು ಗದ್ದಲದಲ್ಲಿ ಚಿಕ್ಕಮ್ಮನಿಗೆ ಯಾರು ಕೇಳಿಸಿದರೋ, ಯಾರು ಬಿಟ್ಟುಹೋದರೋ. ನಾನೂ ಏನೋ ಕೂಗುತ್ತಿದ್ದೆ, ಏನೆಂದು ನೆನಪಿಲ್ಲ. ಗಂಟಲು ಈಗಲೂ ಕಟ್ಟಿದೆ.

ಕಪ್ಪು ಟೋಪಿ ಬಾಗಿದ ಮರದ ನೆರಳಿಗೆ ಹೋಯಿತು. ಒಂದು ಕೈ ಚಪ್ಪಟೆ ಕಲ್ಲು ಹಿಡಿಯಿತು. ಆಮೇಲೆ ಇಡೀ ಚಿಕ್ಕಮ್ಮ ನೀರಿನಿಂದ ಮೇಲೆ ಬಂದು ಕಲ್ಲಿನ ಮೇಲೆ ಕೂತಳು.

ಕಾವಲಿನವನು ಸೀಟಿ ಊದಿದ. ಈ ಸಲ ಅದು ಶಭಾಷ್ ಸೀಟಿಯೇ. ಎದುರು ದಡದಲ್ಲಿ ಚಿಕ್ಕಮ್ಮ ಎರಡೂ ಕೈ ಎತ್ತಿ ಬೀಸುತ್ತಿದ್ದಳು. ಕನ್ನಡಕವಿಲ್ಲವಲ್ಲ, ನಮ್ಮನ್ನು ಬಿಟ್ಟು ಅತ್ತ ದೂರದಲ್ಲಿ ಕೂತಿದ್ದ ಬೇರೆ ಯಾರೋ ಒಂದು ಸಂಸಾರಕ್ಕೆ ಬೀಸುತ್ತಿದ್ದಳು. ಅವರೂ ಪಾಪ ಎದ್ದು ನಿಂತು ವಾಪಸು ಬೀಸಿದರು.

ವಾಪಸು ಈಜಲಿಲ್ಲ. ದೋಣಿಯಲ್ಲಿ ಇವರ ಪಕ್ಕ ಕೂತು, ಹೆಗಲ ಮೇಲೆ ಟವೆಲು ಹೊದ್ದು, ಮಹಾರಾಣಿಯ ಹಾಗೆ ಬಂದಳು. "ಸಾಕಪ್ಪ, ನೆಂಟರಿಗೂ ಸುಸ್ತಾಗಿದೆ" ಎಂದಳು. ಇವರು ದೋಣಿಯ ಅಂಚು ಹಿಡಿದುಕೊಳ್ಳುವುದನ್ನೇ ಮರೆತಿದ್ದರು. ಅದನ್ನು ನಾನು ನೆನಪಿಸಲಿಲ್ಲ.

ಬ್ರೆಡ್ಡು ತಿಂದಳು, ಬಾಳೆಹಣ್ಣು ತಿಂದಳು, ಬಿಸಿಲಿನಲ್ಲಿ ನಡುಕ ಬಿಡಿಸಿಕೊಂಡಳು. ಆಮೇಲೆ ಗುಬ್ಬಿಯ ಕಡೆ ತಿರುಗಿ, "ಏಳು" ಎಂದಳು. ನನ್ನನ್ನು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ನಾನು ಗುಬ್ಬಿಗೂ ಒಂದು ಬಾಡಿಗೆಯ ಜಾಕೆಟ್ಟು ತೊಡಿಸಿ ಪಟ್ಟಿಗಳನ್ನು ಎಳೆದು ನೋಡಿದೆ, ಮತ್ತೆ ಎಳೆದು ನೋಡಿದೆ. ಸೊಂಟದವರೆಗೆ ನೀರಿರುವ ಕಡೆ ನಾನೂ ಜೊತೆಗೇ ಇಳಿದೆ. ಚಿಕ್ಕಮ್ಮ ಗುಬ್ಬಿಯನ್ನು ನೀರಿನ ಮೇಲೆ ಬೋರಲು ಮಲಗಿಸಿ ಹೊಟ್ಟೆಯ ಕೆಳಗೆ ಎರಡೂ ಅಂಗೈ ಕೊಟ್ಟಳು. ಗುಬ್ಬಿ ನನ್ನ ಹೆಬ್ಬೆರಳನ್ನು ಬಿಟ್ಟಿರಲಿಲ್ಲ. ಅಥವಾ ನಾನು ಅವಳದನ್ನು.

"ಜಾಕೆಟ್ ಇರ್ಲಿ" ಎಂದಳು ಚಿಕ್ಕಮ್ಮ. "ನಿನ್ನ ಕೈ ತೆಗಿ."

"ಇನ್ನೊಂದು ಸ್ವಲ್ಪ..."

"ತೆಗಿ ಅಂದೆ. ನೀನಿದ್ರೆ ಅವಳು ನಿನ್ನ ಮುಖಾನೇ ನೋಡ್ತಾಳೆ. ನಿನ್ನ ಮುಖದ ತುಂಬ ಹೆದರಿಕೆ ಇದೆ, ಅದನ್ನ ನೋಡಿ ಏನು ಕಲೀತಾಳೆ? ಹೋಗಿ ದಡದಲ್ಲಿ ಕೂತ್ಕೋ."

ಕೈ ಬಿಡಿಸಿಕೊಂಡೆ. ಗುಬ್ಬಿ ಒಮ್ಮೆ ನನ್ನನ್ನು ನೋಡಿದಳು, ಆಮೇಲೆ ಚಿಕ್ಕಮ್ಮನನ್ನು. "ಹೋಗಮ್ಮ" ಎಂದಳು, ನಾನೇ ಶಾಲೆಗೆ ಹೊರಟ ಮಗುವೇನೋ ಎಂಬಂತೆ.

ದಡಕ್ಕೆ ಬಂದು ಒದ್ದೆ ಬಟ್ಟೆಯಲ್ಲೇ ಕಲ್ಲಿನ ಮೇಲೆ ಕೂತೆ. ಚಿಕ್ಕಮ್ಮನ ದನಿ ಕೇಳುತ್ತಿತ್ತು: "ಕಾಲು ಉದ್ದ ಮಾಡು. ಹಾಗೆ. ಒದಿ. ಇನ್ನೂ ಜೋರಾಗಿ. ನನ್ನ ಮುಖಕ್ಕೆ ಹಾರಲಿ ನೀರು, ಪರವಾಗಿಲ್ಲ." ಗುಬ್ಬಿ ಒದೆಯುತ್ತಿದ್ದಳು. ಬಿಳಿ ನೀರು ಹಾರಿ ಹಾರಿ ಬೀಳುತ್ತಿತ್ತು. "ಬಿಡ್ಬೇಡ ಚಿಕ್ಕಜ್ಜಿ, ಬಿಡ್ಬೇಡ!" ಎಂದು ಕೂಗುತ್ತಲೇ ಮುಂದೆ ಮುಂದೆ ಹೋಗುತ್ತಿದ್ದಳು.

"ಇಲ್ಲಮ್ಮ, ಬಿಟ್ಟಿಲ್ಲ" ಎಂದಳು ಚಿಕ್ಕಮ್ಮ.

ಆ ನೀರು ಎಷ್ಟು ತಿಳಿಯೆಂದರೆ ದಡದಿಂದಲೇ ಎಲ್ಲ ಕಾಣುತ್ತಿತ್ತು. ಗುಬ್ಬಿಯ ಹೊಟ್ಟೆ ಕಾಣುತ್ತಿತ್ತು, ಅದರ ಕೆಳಗೆ ಚಿಕ್ಕಮ್ಮನ ಎರಡೂ ಅಂಗೈ ಕಾಣುತ್ತಿದ್ದವು. ಹೊಟ್ಟೆಗೂ ಅಂಗೈಗೂ ನಡುವೆ ಒಂದು ಗೇಣು ಬರಿಯ ನೀರಿತ್ತು. ಅದರಲ್ಲಿ ಮೀನಿನ ಮರಿಯೊಂದು ಈಚೆಯಿಂದ ಆಚೆಗೆ ದಾಟಿ ಹೋಯಿತು. ನಾನು ಬಾಯಿ ಬಿಡಲಿಲ್ಲ.